ಗುರು ಶನಿ ಕೂಡಿದ ಸಂಜೆ

ತೌನೋನ ಹೆಸರು ಲೆಂಪಿಯ ಕಿವಿಗೆ ಮೊದಲು ಬಿದ್ದದ್ದು ಚರ್ಚಿನ ನೆಲಮಾಳಿಗೆಯಲ್ಲಿ, ಯಾರನ್ನೋ ಮಣ್ಣುಮಾಡಿ ಬಂದು ಎಲ್ಲರೂ ಕಾಫಿ ಕುಡಿಯುತ್ತಿದ್ದ ದಿನ. ಗಂಡ ಸತ್ತ ಮೇಲೆ ಅವಳು ಅಮೆರಿಕದ ಬಡಗಣ ಅಂಚಿನ, ಫಿನ್ಲೆಂಡ್ ಮೂಲದವರೇ ತುಂಬಿದ್ದ ಹ್ಯಾಂಕಾಕ್ ಊರಿಗೆ ಬಂದು ಇನ್ನೂ ತಿಂಗಳಾಗಿರಲಿಲ್ಲ. ಪಕ್ಕದಲ್ಲಿದ್ದ ಐಲಿ ಏಲಕ್ಕಿ ಬನ್ನನ್ನು ಕಾಫಿಗೆ ಅದ್ದುತ್ತಾ ಕೇಳಿದಳು:

“ನಿನ್ನ ಪಕ್ಕದ ಮನೆ ತೌನೋನ್ನ ನೋಡಿದ್ಯಾ? ಹೆಂಡ್ತಿ ಬಿಟ್ಟು ಹೋದ್ಲಲ್ಲ, ಅವನು.”

“ಕುಡೀತಾನಾ?”

“ಕುಡಿದಿದ್ರೆ ಇರ್ತಿದ್ಲು ಬಿಡು. ಸೌನಾದಲ್ಲಿ ಕೂತು ದುರ್ಬೀನಿಗೆ ಗಾಜು ಉಜ್ತಾನೆ. ಬಿಸಿಯಾದ್ರೆ ಗಾಜು ಕೆಡತ್ತೆ ಅಂತ ಚಳಿಗಾಲ ಪೂರ್ತಿ ಒಲೆಗೆ ಬೆಂಕಿನೇ ಹಾಕ್ಲಿಲ್ಲ.”

ಮೇಜಿನ ಸುತ್ತ ಕೂತವರೆಲ್ಲ ತಲೆ ಅಲ್ಲಾಡಿಸಿದರು. ಆ ಊರವರು ಏನನ್ನಾದರೂ ಕ್ಷಮಿಸಿಯಾರು, ಶನಿವಾರ ಸೌನಾದ ಬಿಸಿಕೋಣೆಯಲ್ಲಿ ಕೂರುವ ಹಬೆಸ್ನಾನ ತಪ್ಪಿಸಿದವನನ್ನು ಕ್ಷಮಿಸಲಾರರು.

ಆ ಶನಿವಾರವೇ ತೌನೋ ಟವೆಲ್ಲು ಕಂಕುಳಲ್ಲಿಟ್ಟುಕೊಂಡು ಲೆಂಪಿಯ ಬಾಗಿಲಿಗೆ ಬಂದ. ರಸ್ತೆಯ ಹಿಮ ಗೋರುವ ಲಾರಿ ಓಡಿಸುವವನು, ಬಾಗಿಲಿಗಿಂತ ಅಗಲವಾಗಿದ್ದ.

“ನೀವು ಮುಗಿಸಿದ ಮೇಲೆ ನಿಮ್ಮ ಸೌನಾದಲ್ಲಿ ಒಂದು ಘಳಿಗೆ ಕೂತ್ಕೊಳ್ಲಾ?”

“ಗಾಜು ತಂದಿಲ್ಲ ತಾನೇ?” ಅಂದಳು ಲೆಂಪಿ.

ಅಲ್ಲಿಂದ ಮುಂದೆ ಎಷ್ಟೋ ವರ್ಷ ಪ್ರತಿ ಶನಿವಾರ ಅವನು ಬಂದ. ಸುಪೀರಿಯರ್ ಸರೋವರ ಚಳಿಗಾಲವಿಡೀ ಮೋಡ ಉಗುಳುತ್ತಲೇ ಇರುತ್ತದೆ. ಅಪರೂಪಕ್ಕೆ ಆಕಾಶ ತೊಳೆದಂತಾದರೆ ಮೂಗಿನೊಳಗೇ ನೀರು ಹೆಪ್ಪುಗಟ್ಟುವ ಚಳಿ. ಅಂಥ ಸಂಜೆ ತೌನೋ ಕಿರಾಣಿ ಅಂಗಡಿಯೆದುರು ದುರ್ಬೀನು ನಿಲ್ಲಿಸಿ, ಚೀಲ ಹಿಡಿದು ಹೊರಬಂದವರನ್ನೆಲ್ಲ ಕರೆಯುತ್ತಿದ್ದ. “ಅರ್ಧಚಂದ್ರ ಇದ್ದಾನೆ, ಗುಂಡಿಗಳ ನೆರಳು ಚೆನ್ನಾಗಿ ಬಿದ್ದಿದೆ, ಒಂದು ಕಣ್ಣು ಹಾಕಿ ಹೋಗಿ.” ಕೆಲವರು ನೋಡುತ್ತಿದ್ದರು, ಬಹಳ ಜನ ಹಾಲು ಹೆಪ್ಪುಗಟ್ಟುತ್ತದೆಂದು ಓಡುತ್ತಿದ್ದರು. ಲೆಂಪಿಯಂತೂ ಒಂದು ದಿನವೂ ಬಗ್ಗಲಿಲ್ಲ.

“ಚಂದ್ರ ನಮ್ಮ ಅಡುಗೆಮನೆ ಕಿಟಕಿಗೇ ಬರ್ತಾನೆ ಕಣೋ. ನಾನ್ಯಾಕೆ ಹಿಮದಲ್ಲಿ ನಿಂತ್ಕೊಳ್ಲಿ?”

ಅವನು ಕಾಯುತ್ತಿದ್ದದ್ದು ಒಂದು ಡಿಸೆಂಬರಿಗೆ. ಗುರುವೂ ಶನಿಯೂ ಒಂದೇ ಗಾಜಿನೊಳಗೆ ಕಾಣುವಷ್ಟು ಹತ್ತಿರ ಬರುತ್ತವೆ, ಹಾಗೆ ಇನ್ನೊಮ್ಮೆ ಬರುವಾಗ ನಾವ್ಯಾರೂ ಇರೋದಿಲ್ಲ ಅನ್ನುತ್ತಿದ್ದ. ಆ ಡಿಸೆಂಬರ್ ಬಂತು. ಅಷ್ಟರಲ್ಲಿ ಅವನ ಶ್ವಾಸಕೋಶ ಕೈಕೊಟ್ಟಿತ್ತು. ಇನ್ನು ಮಾಡುವುದೇನಿಲ್ಲವೆಂದು ಆಸ್ಪತ್ರೆಯವರು ಮನೆಗೆ ಕಳಿಸಿದ್ದರು. ಅಷ್ಟು ಅಗಲದ ಆಳು ಹಾಸಿಗೆಯಲ್ಲಿ ಕಂಬಳಿಯ ಒಂದು ಮಡಿಕೆಯ ಹಾಗೆ ಬಿದ್ದಿದ್ದ. ಗುರು ಶನಿ ಕಾಣುವುದು ನೈರುತ್ಯಕ್ಕೆ, ಅವನ ಕಿಟಕಿ ಇದ್ದದ್ದು ಬಡಗಣಕ್ಕೆ. ಲೆಂಪಿ ತಂದ ಮೀನಿನ ಸಾರು ಎರಡು ಚಮಚಕ್ಕಿಂತ ಇಳಿಯುತ್ತಿರಲಿಲ್ಲ.

ಆ ದಿನವೂ ಮೋಡವೇ. ಹೊತ್ತು ಮುಳುಗುವಾಗ ಕಿಟಕಿಯಾಚೆಯ ಹಿಮ ನೀಲಿಗೆ ತಿರುಗಿದ್ದನ್ನು ಅವನೇ ಮೊದಲು ಕಂಡ.

“ಮೋಡ ಹರೀತು. ಹೋಗು, ಲೆಂಪಿ.”

“ನಾನಾ?”

“ಇನ್ಯಾರು, ಪಾದ್ರಿನಾ? ದುರ್ಬೀನು ಅಂಗಳದಲ್ಲೇ ಇದೆ. ಜಿಂಕೆಗೆ ಗುರಿ ಇಟ್ಟ ಹಾಗೆ ಕೊಳವೆ ಮೇಲಿಂದ ಇಡು. ಎಡಕ್ಕೆ ಯಾವುದು, ಬಲಕ್ಕೆ ಯಾವುದು, ನಡುವೆ ಎಷ್ಟು ಜಾಗ, ನೋಡ್ಕೊಂಡು ಬಂದು ಹೇಳು. ಗಾಜಿನ ಮೇಲೆ ಮಾತ್ರ ಉಸಿರು ಬಿಡಬೇಡ.”

ನೈರುತ್ಯಕ್ಕೆ, ಪೈನ್ ಮರಗಳ ತುದಿಗೆ ಅಂಟಿಕೊಂಡಂತೆ ಬೆಳಕಿತ್ತು. ಬಹಳ ಹೊತ್ತು ತಡಕಾಡಿ ಗುರಿ ಸಿಕ್ಕಿತು. ಕಣ್ಣಿಟ್ಟಳು. ಒಂದು ದುಂಡನೆಯ ಬೆಳಕು, ಅದರ ಹತ್ತಿರವೇ ಚಿಕ್ಕದೊಂದು, ಅದಕ್ಕೆ ನಿಜವಾಗಿಯೂ ಉಂಗುರ. ಲೆಂಪಿಯ ಬಾಯಿ ತನಗೆ ತಾನೇ ತೆರೆದುಕೊಂಡಿತು. ಗಾಜು ಬೆಳ್ಳಗಾಯಿತು. ಅವಸರದಲ್ಲಿ ಕೈಗವಸಿನಿಂದ ಉಜ್ಜಿದಳು, ಮಂಜು ಇನ್ನಷ್ಟು ಮೆತ್ತಿಕೊಂಡಿತು. ಅದು ಬಿಡುವ ಹೊತ್ತಿಗೆ ಗ್ರಹಗಳೆರಡೂ ಮರಗಳೊಳಗೆ ಇಳಿದುಹೋಗಿದ್ದವು.

ಒಳಗೆ ಬಂದು ಬೂಟು ಬಿಚ್ಚುವುದನ್ನೂ ಮರೆತು ನಿಂತಳು.

“ಉಂಗುರದ್ದು ಯಾವ ಕಡೆಗಿತ್ತು?” ಅಂದ ತೌನೋ.

ಯಾವುದೋ ಒಂದು ಕಡೆ ಹೇಳಿಬಿಡಬಹುದಿತ್ತು. ಆದರೆ ಅವನು ಆ ಆಕಾಶವನ್ನು ಮನಸ್ಸಿನಲ್ಲೇ ಎಷ್ಟು ಸಲ ನೋಡಿದ್ದನೆಂದು ಅವಳಿಗೆ ಗೊತ್ತಿತ್ತು.

“ಗೊತ್ತಿಲ್ಲ ಕಣೋ. ನೋಡಿದ ತಕ್ಷಣ ಉಸಿರು ಬಿಟ್ಟುಬಿಟ್ಟೆ.”

ಅವನು ಗೋಡೆಗೆ ಮುಖ ಮಾಡಿ ಮಲಗಿದ. ಬೆನ್ನು ಕೊಂಚ ಅಲುಗುತ್ತಿತ್ತು, ಅತ್ತದ್ದೋ ಕೆಮ್ಮನ್ನು ನುಂಗಿಕೊಂಡದ್ದೋ ತಿಳಿಯಲಿಲ್ಲ. ಸರೋವರದ ಕಡೆಯಿಂದ ಮತ್ತೆ ಗಾಳಿ ಎದ್ದಿತ್ತು, ಅಂದರೆ ಮತ್ತೆ ಮೋಡ. ಲೆಂಪಿ ಒಲೆಗೆ ಸೌದೆ ಹಾಕಿದಳು. ಎಷ್ಟೋ ಹೊತ್ತಿನ ಮೇಲೆ, ಆ ಕಡೆ ತಿರುಗಿಕೊಂಡೇ ಅವನು ಕೇಳಿದ. ಅವನು ಅವಳನ್ನು ಕೊನೆಯದಾಗಿ ಕೇಳಿದ್ದು ಇದನ್ನೇ:

“ನಾಳೆನೂ ಒಂದೇ ಗಾಜಿನಲ್ಲಿ ಕಾಣ್ತಾವೆ. ಮೂಗು ಬಾಯಿಗೆ ಬಟ್ಟೆ ಕಟ್ಕೊಂಡು ಇನ್ನೊಂದು ಸಲ ಹೋಗಿ ಬರ್ತೀಯಾ?”