ಸೀಮೆಸುಣ್ಣದ ಪೇಟಿ

ಹೊಳೆ ನಮ್ಮ ಹರಿಹರದ ಮಿಡ್ಲ್ ಸ್ಕೂಲಿಗೆ ನುಗ್ಗಿ ಹೋದ ಮೇಲೆ ಸರ್ಕಾರಕ್ಕೆ ನಮ್ಮ ನೆನಪಾಯಿತು. ಪರಿಹಾರದ ಹಣ ಬಂತು. ಬಿದ್ದ ಗೋಡೆ, ಕೊಳೆತ ಡೆಸ್ಕು ಎಲ್ಲ ಬರೆದಿದ್ದ ಆದೇಶದ ಕೊನೆಯಲ್ಲಿ ಯಾರೋ ಪುಣ್ಯಾತ್ಮರು, ನೊಂದ ಮಕ್ಕಳ ಮನಸ್ಸು ಅರಳಲಿ ಎಂದು ಒಂದು ಹಾರ್ಮೋನಿಯಂ, ಒಬ್ಬ ಸಂಗೀತದ ಮೇಷ್ಟ್ರಿಗೆ ಒಂದು ವರ್ಷದ ಸಂಬಳ ಸೇರಿಸಿದ್ದರು. ಮಕ್ಕಳು ಕಲಿತದ್ದು ಶಾಲಾ ಇನ್‌ಸ್ಪೆಕ್ಟರ ಕಣ್ಣಿಗೆ ಬಿದ್ದರೆ ಮೇಷ್ಟ್ರು ಉಳಿಯುತ್ತಾರೆ, ಇಲ್ಲದಿದ್ದರೆ ಮನೆಗೆ. ನಿಜ ಹೇಳಬೇಕೆಂದರೆ ನಾವು ನೊಂದೇ ಇರಲಿಲ್ಲ. ಹದಿನೈದು ದಿನ ರಜ ಸಿಕ್ಕಿತ್ತು.

ಮೇಷ್ಟ್ರು ದಾವಣಗೆರೆಯವರು. ಅಲ್ಲಿ ಕ್ಯಾಂಪು ಹಾಕಿದ್ದ ನಾಟಕ ಕಂಪನಿಯಲ್ಲಿ ಪೇಟಿ ನುಡಿಸುತ್ತಿದ್ದರು. ಹಾರ್ಮೋನಿಯಮ್ಮಿಗೆ ನಮ್ಮ ಕಡೆ ಪೇಟಿ ಎಂದೇ ಹೆಸರು. ಕಂಪನಿ ಮುಚ್ಚಿತ್ತು. ಹೆಂಡತಿ, ಮೂರು ಮಕ್ಕಳು ಈ ಒಂದು ಕೆಲಸವನ್ನೇ ನಂಬಿಕೊಂಡಿದ್ದರು.

ಪೇಟಿಯೂ ಬಂತು. ಶಾಲಾ ಕಮಿಟಿಯ ಅಧ್ಯಕ್ಷರಾಗಿದ್ದ ಮಂಡಿ ಸಾಹುಕಾರರು ಅದಕ್ಕೆ ಹಾರ ಹಾಕಿ ಕಾಯಿ ಒಡೆದರು. ಆಮೇಲೆ ಚಾವಣಿ ನೋಡಿ ಚಿಂತೆಗೆ ಬಿದ್ದರು.

"ಮತ್ತೆ ಹೊಳೆ ಬಂದ್ರೆ ಹೆಂಗ್ರಿ? ಸರ್ಕಾರದ ಮಾಲು. ನಮ್ಮ ಮಾಳಿಗೆ ಮ್ಯಾಲೆ ಇರ್ಲಿ ಬಿಡ್ರಿ."

ಅಧ್ಯಕ್ಷರು ಕೆಮ್ಮಿದರೂ ಹೂಂಗುಟ್ಟುವ ಜೀವ ನಮ್ಮ ಹೆಡ್‌ಮೇಷ್ಟ್ರು. ಪೇಟಿ ಜಟಕಾ ಹತ್ತಿತು. ಬೇಸಿಗೆಯಲ್ಲಿ ಎಮ್ಮೆ ಮೈ ನೆನೆಯುವಷ್ಟೂ ನೀರಿಲ್ಲದ ಹೊಳೆಗೆ ಹೆದರಿ ಅದು ಮಾಳಿಗೆಯಲ್ಲೇ ಕೂತಿತು. ಅಲ್ಲಿ ಅಧ್ಯಕ್ಷರ ಮಗಳು ಅದನ್ನು ನುಡಿಸುತ್ತಿದ್ದಳು. ವರಾನ್ವೇಷಣೆ ನಡೆದಿತ್ತಂತೆ. ಪಾಪ, ಅವಳೂ ನೊಂದವಳೇ ಇರಬೇಕು.

ಮೇಷ್ಟ್ರು ಎರಡು ಸಲ ಹೋಗಿ ಕೇಳಿ, ಎರಡು ಸಲ ಚಹಾ ಕುಡಿದು ಬಂದರು. ಮೂರನೇ ಸಲ ಹೋಗಲಿಲ್ಲ. ಸೀಮೆಸುಣ್ಣ ತೆಗೆದುಕೊಂಡು ನಮ್ಮ ಡೆಸ್ಕುಗಳ ಮೇಲೆ ಪೇಟಿಯ ಕರಿ-ಬಿಳಿ ಪಟ್ಟಿಗಳನ್ನು ಬರೆದರು. ಅವರು ಬಾಯಲ್ಲಿ ಸ್ವರ ಹೇಳುವುದು, ನಾವು ಬಲಗೈ ಬೆರಳಲ್ಲಿ ಅದನ್ನು ಒತ್ತುವುದು, ಎಡಗೈಯಲ್ಲಿ ತಾಳ ಹಾಕುವುದು. ಬೇರೆ ಮೇಷ್ಟ್ರುಗಳು ಕಿಟಕಿಯಲ್ಲಿ ಇಣುಕಿ ಹಲ್ಲು ಕಿರಿಯುತ್ತಿದ್ದರು. ನನಗೆ ಮಾತ್ರ ಅದರ ಹುಚ್ಚು ಹಿಡಿಯಿತು. ಮನೆಯಲ್ಲಿ ರೊಟ್ಟಿ ಬಡಿಯುವ ಕಲ್ಲಿನ ಮೇಲೂ ಬೆರಳು ಓಡಿಸಿ ಅವ್ವನ ಕೈಲಿ ಬೈಸಿಕೊಂಡೆ.

ವರ್ಷ ತುಂಬುವ ಹೊತ್ತಿಗೆ ಇನ್‌ಸ್ಪೆಕ್ಟರು ಬಂದರು. ಪೇಟಿಯೂ ಅದೇ ಜಟಕಾದಲ್ಲಿ, ತವರಿಗೆ ಬಂದ ಮಗಳ ಹಾಗೆ ಬಂತು. ಮೇಷ್ಟ್ರು ನನ್ನನ್ನು ಮುಂದೆ ಕೂರಿಸಿದರು.

"ಯಾರೂ ಹೇಳಿಕೊಡಬಾರದು," ಎಂದರು ಇನ್‌ಸ್ಪೆಕ್ಟರು. ಮೇಷ್ಟ್ರು ಗೋಡೆಗೆ ಸರಿದು ನಿಂತರು.

ನಾನು ಶುರು ಮಾಡಿದೆ. ಬಲಗೈ ಗೀತೆಯನ್ನು ಮೊದಲಿಂದ ಕೊನೆಯವರೆಗೆ ಸರಸರ ಒತ್ತಿತು. ಪೇಟಿ ಮಾತ್ರ ಕುಂಯ್ ಅನ್ನಲಿಲ್ಲ. ಎಡಗೈ ತಿದಿ ಒತ್ತಿ ಗಾಳಿ ತುಂಬಬೇಕಿತ್ತು. ಅದು ಕಲಿತ ಪ್ರಕಾರ ತಾಳ ಹಾಕುತ್ತಿತ್ತು. ಗುಡಿಯ ಭಜನೆಯಲ್ಲಿ ತಿದಿ ಒತ್ತುವುದನ್ನು ಎಷ್ಟೋ ಸಲ ನೋಡಿದ್ದೆ ನಾನು. ಆದರೆ ಭಯಕ್ಕೆ ತಲೆ ಖಾಲಿಯಾಗಿತ್ತು. ಉಳಿದ ಹುಡುಗಿಯರು ಕಿಸಕ್ಕೆಂದರು.

"ಇನ್ನೊಂದ್ಸಲ ನುಡಿಸ್ತಾಳ್ರಿ ಸಾಹೇಬ್ರ," ಎಂದರು ಮೇಷ್ಟ್ರು.

"ಕೈಗೇ ಬರ್ಲಾರದ್ದು ಇನ್ನೊಂದ್ಸಲ ಯಾಕ?" ಎಂದು ಅಧ್ಯಕ್ಷರು ಎದ್ದರು. "ಬರ್ರಿ ಸಾಹೇಬ್ರ, ಮನ್ಯಾಗ ಹೋಳಿಗೆ ತಣ್ಣಗಾಗ್ತಾವೆ."

ಕಲೆಯ ಪರೀಕ್ಷೆ ಹೋಳಿಗೆಗೆ ಸೋತಿತು. ಪೇಟಿಯೂ ಅವರ ಹಿಂದೆಯೇ ಮಾಳಿಗೆಗೆ ಮರಳಿತು. ಊಟವಾದ ಮೇಲೆ ಅಧ್ಯಕ್ಷರ ಮಗಳು ಅದನ್ನು ನುಡಿಸಿದ್ದು ಕೇಳಿ ಸಾಹೇಬರು ತಲೆದೂಗಿದರಂತೆ. ನಮ್ಮ ಮಕ್ಕಳಿಗೆ ಸಂಗೀತದಲ್ಲಿ ಆಸಕ್ತಿಯಿಲ್ಲ ಎಂದು ಬರೆದು ಹೋದರು. ಎಂಥ ಮಾತು. ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಮೇಷ್ಟ್ರು ದಾವಣಗೆರೆಗೆ ಹೊರಟ ದಿನ ನಾನು ಸ್ಕೂಲಿನ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದೆ. ನನ್ನಿಂದಲೇ ಅವರ ಅನ್ನ ಹೋಗಿತ್ತು. ಬೈಯಲಿ, ಒಂದೇಟು ಹಾಕಲಿ ಎಂದು ಕಾದೆ. ಅವರು ಗಂಟು ಕೆಳಗಿಟ್ಟು ನನ್ನ ಬಲಗೈ ಹಿಡಿದುಕೊಂಡರು.

"ಅವತ್ತು ನಾ ನಿನ್ನ ಬೆರಳೇ ನೋಡ್ತಿದ್ದೆ ಅವ್ವಾ," ಎಂದರು. "ಒಂದು ಸ್ವರಾನೂ ತಪ್ಪಲಿಲ್ಲ."