ಅಂದಾನಿ ಆಡಿದ ಯೂನಿಟ್ಟಿನ ಮಾತು

ಚೆನ್ನೈನ ವೆಸ್ಟ್ ಮಾಂಬಲಂ ಓಣಿಗಳಲ್ಲಿ ಅಂದಾನಿ ಬರುವುದು ಕಂಡರೆ ಕೆಲವರು ಬಾಗಿಲು ಮುಂದಕ್ಕೆ ಹಾಕಿಕೊಳ್ಳುತ್ತಿದ್ದರು. ಪಾಪ, ಅವನೇನು ಸಾಲ ವಸೂಲಿಗೆ ಬಂದವನಲ್ಲ. ಸರ್ಕಾರದ ಪರವಾಗಿ ಬೆಲೆ ಕೇಳಿಕೊಂಡು ತಿರುಗುವವನು. ಬಾಡಿಗೆ ಎಷ್ಟು, ಕರೆಂಟಿಗೆ ಎಷ್ಟು, ಸೀಮೆಎಣ್ಣೆಗೆ ಎಷ್ಟು ಎಂದು ಆರು ತಿಂಗಳಿಗೊಮ್ಮೆ ಅವವೇ ಮನೆಗಳಿಗೆ ಹೋಗಿ ವಿಚಾರಿಸಬೇಕು. ಅವನು ಬರೆದುಕೊಂಡು ಹೋದದ್ದು ದೇಶದ ಬೆಲೆ ಸೂಚ್ಯಂಕದಲ್ಲಿ ಸೇರಿ, ಎಲ್ಲೋ ಯಾರದೋ ತುಟ್ಟಿಭತ್ಯೆಯಾಗಿ ಹೊರಬರುತ್ತಿತ್ತು. ಮಂಡ್ಯದ ಕಡೆಯಿಂದ ಚೆನ್ನೈಗೆ ಬಂದಿದ್ದ ಅವನಿಗೆ ಅದರ ಜಂಬ ಸ್ವಲ್ಪ ಇದ್ದೇ ಇತ್ತು.

ಕುರ್ಚಿ, ಕಾಫಿ ಎರಡೂ ಸಿಗುತ್ತಿದ್ದದ್ದು ಜಯಲಕ್ಷ್ಮಮ್ಮನವರ ಮನೆಯಲ್ಲಿ ಮಾತ್ರ. ಗಂಡ ತೀರಿಕೊಂಡ ಮೇಲೆ ಆಕೆ ಒಂದು ಗ್ರೈಂಡರ್ ಇಟ್ಟುಕೊಂಡು, ದೋಸೆಹಿಟ್ಟು ರುಬ್ಬಿ ಮಾರಿ, ಮಗಳು ಪಾವನಾಳನ್ನು ಓದಿಸುತ್ತಿದ್ದರು. ಅಮ್ಮ ಕನ್ನಡದಲ್ಲಿ ಕೇಳಿದರೆ ಮಗಳು ತಮಿಳಿನಲ್ಲಿ ಉತ್ತರ ಕೊಡುವವಳು. ಹಾಗಾಗಿ ಮನೆಗೆ ಬಂದು ಕನ್ನಡ ಮಾತಾಡುವ ಅಂದಾನಿ ಆಕೆಗೆ ತವರಿನವನೇ ಆಗಿಬಿಟ್ಟಿದ್ದ. ಬಾಡಿಗೆ ಕೇಳಿದರೆ ಸಂಸಾರದ ಕಥೆಯನ್ನೆಲ್ಲ ಹೇಳಿಕೊಳ್ಳುತ್ತಿದ್ದರು.

ಆ ಮನೆಯ ಮಾಲೀಕ ಕಾಂತಪ್ಪ, ಉಡುಪಿ ಕಡೆಯವರು. ಬೀದಿ ಮೂಲೆಯಲ್ಲೇ ಅವರ ಹೋಟೆಲು. ಚೆನ್ನೈನ ರೂಢಿಯಂತೆ ಕರೆಂಟ್ ಬಿಲ್ಲು ಮಾಲೀಕರ ಹೆಸರಿಗೆ ಬರುತ್ತಿತ್ತು. ಬಾಡಿಗೆಯವರ ಮನೆಗೆ ಬೇರೊಂದು ಸಣ್ಣ ಮೀಟರು. ಅದರ ಯೂನಿಟ್ಟಿಗೆ ಎಷ್ಟು ಎಂಬುದನ್ನು ಗೊತ್ತು ಮಾಡುವವರು ಮಾಲೀಕರೇ.

ಎರಡು ಸಾವಿರದ ಇಸವಿಯ ಬೇಸಿಗೆಯಲ್ಲಿ ಒಂದು ದಿನ ಅಂದಾನಿ ಹೋಟೆಲಿಗೆ ಹೋದಾಗ ಕಾಂತಪ್ಪ ಕಾಫಿಗೆ ದುಡ್ಡು ಬೇಡವೆಂದರು. ಬಿಟ್ಟಿ ಕಾಫಿ ಗಂಟಲಿಗಿಳಿದದ್ದೇ ತಡ, ಅಂದಾನಿಯ ನಾಲಿಗೆ ಸಡಿಲವಾಯಿತು.

"ನೀವಿನ್ನೂ ಹಳೇ ರೇಟೇ ತಗೋತೀರಲ್ಲ ಕಾಂತಪ್ಪೋರೆ. ಪಕ್ಕದ ಬೀದೀಲಿ ಯೂನಿಟ್ಟಿಗೆ ಇದ್ರ ಎರಡರಷ್ಟು ತಗೋತಾವ್ರೆ."

ಒಂದು ಮನೆಯ ಲೆಕ್ಕ ಇನ್ನೊಂದು ಮನೆಯ ಕಿವಿಗೆ ಬೀಳಕೂಡದು ಎಂಬುದು ಕೆಲಸಕ್ಕೆ ಸೇರಿದಾಗ ಕಲಿಸಿದ ಮೊದಲ ಪಾಠ. ಹೋಟೆಲಿನ ಮೆಟ್ಟಿಲಿಳಿಯುವ ಹೊತ್ತಿಗೆ ಅವನಿಗೆ ಆಡಿದ ಮಾತೇ ಮರೆತಿತ್ತು.

ಆರು ತಿಂಗಳ ಮೇಲೆ ಹೋದಾಗ ಜಯಲಕ್ಷ್ಮಮ್ಮನವರ ಗ್ರೈಂಡರ್ ಮೇಲೆ ಹಳೆಯ ಸೀರೆ ಹೊದಿಸಿತ್ತು. ಮಾಲೀಕರು ಯೂನಿಟ್ಟಿನ ದರ ಎರಡರಷ್ಟು ಮಾಡಿದ್ದಾರೆ, ಕರೆಂಟಿಗೇ ಎಲ್ಲ ಹೋಗುತ್ತದೆ, ರುಬ್ಬಿ ಏನೂ ಉಳಿಯುವುದಿಲ್ಲ, ಅದಕ್ಕೇ ನಿಲ್ಲಿಸಿದೆ ಎಂದರು. ಆಕೆ ಈಗ ಎರಡು ಮನೆಗಳಲ್ಲಿ ಅಡುಗೆಗೆ ಹೋಗುತ್ತಿದ್ದರು. ಪಾವನಾ ಕಾಲೇಜು ಬಿಟ್ಟು ಬಟ್ಟೆ ಅಂಗಡಿಗೆ ಸೇರಿದ್ದಳು.

"ಯಾರೋ ಪುಣ್ಯಾತ್ಮ ಕಾಂತಪ್ಪೋರ ಕಿವಿ ಊದವ್ನೆ ಕಣಪ್ಪ. ನೀನು ಮೇಲಕ್ಕೆ ಬರೀತೀಯಲ್ಲ, ಸರ್ಕಾರದೋರು ನೋಡಿ ಇಳಿಸ್ತಾರೆ ಅಲ್ವಾ?"

ಹೋಟೆಲಿನಲ್ಲಿ ಆಡಿದ ಮಾತು ನೆನಪಾಗಿ ಅಂದಾನಿ ಕಾಫಿ ಲೋಟ ಕೆಳಗಿಟ್ಟ. ಹೊಸ ದರವನ್ನು ಬರೆಯದೆ ವಿಧಿಯಿರಲಿಲ್ಲ. ತಾನೇ ಏರಿಸಿದ ಬೆಲೆಯನ್ನು ತಾನೇ ಅಳೆದು, ಬೆಲೆ ಏರಿದೆ ಎಂದು ದೇಶಕ್ಕೆ ತಿಳಿಸಿದ. ನೇರವಾಗಿ ಹೋಟೆಲಿಗೆ ಹೋಗಿ, ಆ ಒಂದು ಮನೆಗಾದರೂ ಇಳಿಸಿ ಎಂದು ಕಾಂತಪ್ಪನವರನ್ನು ಅಂಗಲಾಚಿದ.

"ಎಂತ ಮಾರಾಯ್ರೆ, ನೀವೇ ಅಲ್ವಾ ಹೇಳಿದ್ದು? ಸರ್ಕಾರದವರೇ ಹೇಳಿದ ಮೇಲೆ ನಾನೊಬ್ಬ ಕಮ್ಮಿ ತಗೊಳ್ಳುದು ಎಂತಕ್ಕೆ?" ಎಂದು ಕಾಂತಪ್ಪ ನಕ್ಕರು.

ಅಂದಾನಿಗೆ ತನ್ನ ಬಾಯಿಗೆ ತಾನೇ ಹೊಡೆದುಕೊಳ್ಳಬೇಕು ಅನ್ನಿಸಿತು. ಸುಮ್ಮನೆ ಮನೆಗೆ ಹೋಗಿಬಿಡಬಹುದಿತ್ತು. ಕಾಲು ಆ ಕಡೆ ಏಳಲಿಲ್ಲ. ಹಿಂದಿರುಗಿ ಬಂದು, ಜಯಲಕ್ಷ್ಮಮ್ಮನವರ ಹೊಸ್ತಿಲ ಬಳಿ ನಿಂತು ಹೇಳಿದ:

"ಅಮ್ಮಾ, ಕಾಂತಪ್ಪೋರಿಗೆ ಹೇಳ್ದೋನು ನಾನೇ."

ಆಕೆ ಅವನು ಕುಡಿದಿಟ್ಟಿದ್ದ ಲೋಟ ಎತ್ತಿಕೊಂಡು ಒಳಗೆ ಹೋದರು.

ಆ ಮನೆ ಪಟ್ಟಿಯಲ್ಲಿತ್ತು. ಅವನು ಮತ್ತೆ ಹೋಗಲೇಬೇಕಿತ್ತು. ಮುಂದಿನ ಸಲ ಬಾಗಿಲು ಅರ್ಧ ತೆರೆಯಿತು. ಚೆನ್ನಾಗಿದ್ದೀರಾ ಅಮ್ಮಾ, ಬಾಡಿಗೆ ಹಳೇದೇನಾ ಎಂದು ಅವನು ಮೆಲ್ಲಗೆ ಕನ್ನಡದಲ್ಲಿ ಕೇಳಿದ.

"ಅದೇದಾನ್ ಸಾರ್," ಎಂದು ಜಯಲಕ್ಷ್ಮಮ್ಮ ತಮಿಳಿನಲ್ಲಿ ಉತ್ತರ ಕೊಟ್ಟರು.