ಮರಳ ಮೇಲೆ ನಾಲ್ಕನೇ ಅಕ್ಕ

ಬೆಳಗಿನ ಐದೂವರೆ. ಗಾಜಿನ ಗೋಡೆ, ಜಾಲರಿ ಸುತ್ತುವರಿದ ಟೆನಿಸ್‌ನಂಥ ಪ್ಯಾಡೆಲ್ ಆಟದ ಅಂಕಣದಲ್ಲಿ ಅಕ್ಕ ಅಗಲವಾದ ಬ್ರಷ್ ತಳ್ಳುತ್ತಿದ್ದಾರೆ. ಹಸಿರು ಹಾಸಿನ ಮೇಲೆ ಹರಡಿದ ನುಣುಪು ಮರಳಿನಲ್ಲಿ ದಿನವೂ ಆಟಗಾರರ ಹೆಜ್ಜೆಗಳು ಮೂಡುತ್ತವೆ. ಅವನ್ನು ಅಳಿಸಿ ಮರಳನ್ನು ಸಮ ಮಾಡುವುದು ಅವರ ಕೆಲಸ. ಈ ಅಂಕಣವನ್ನು ಇವತ್ತು ಆಗಲೇ ಎರಡು ಸಲ ಗುಡಿಸಿ ಆಗಿದೆ. ಇದು ಮೂರನೆಯದು.

"ಕೂತ್ರೆ ಎದೆ ಡವಡವ ಅನ್ನುತ್ತೆ. ಅದಕ್ಕೇ ಗುಡಿಸ್ತಿದ್ದೀನಿ," ಎನ್ನುತ್ತಾರೆ, ತಮ್ಮ ಬಗ್ಗೆ ಬರೆಯಲು ಬಂದ ನನ್ನೊಡನೆ.

ತರಬೇತುದಾರರಾಗಲು ಒಂಬತ್ತಕ್ಕೆ ಅವರಿಗೆ ಪರೀಕ್ಷೆ. ಹೋದ ವರ್ಷ ಒಮ್ಮೆ ಫೇಲಾಗಿದೆ. ಮೂರನೆಯ ಅವಕಾಶ ಯಾರಿಗೂ ಇಲ್ಲ.

ಇಲ್ಲಿ ಅವರನ್ನು ಎಲ್ಲರೂ ಕರೆಯುವುದು 'ನಾಲ್ಕನೇ ಅಕ್ಕ' ಎಂದೇ. ಪ್ಯಾಡೆಲ್‌ಗೆ ಇಬ್ಬರೆದುರು ಇಬ್ಬರು ಬೇಕು. ಮೂವರು ಬಂದು ನಾಲ್ಕನೆಯವರು ಕೈಕೊಟ್ಟರೆ ಅಕ್ಕ ಬ್ರಷ್ ಬಿಟ್ಟು ಬ್ಯಾಟು ಹಿಡಿಯುತ್ತಾರೆ. ಹನ್ನೊಂದು ವರ್ಷದಿಂದ ದಿನಕ್ಕೆ ನಾಲ್ಕು ಅಂಕಣ ಗುಡಿಸುವುದು, ಕಡಿಮೆಯೆಂದರೂ ಎರಡು ಆಟ. ಕಲಿಸಿದವರು ಯಾರೂ ಇಲ್ಲ.

ಜೊತೆಗಾರರೋ ಥರಾವರಿ. ಬಲೆಗೆ ಅಂಟಿಕೊಂಡು ಬಾರಿಸಲು ಹಾತೊರೆಯುವ ದಂತವೈದ್ಯರೊಡನೆ ಅಕ್ಕ ಹಿಂದೆ ನಿಲ್ಲುತ್ತಾರೆ. ಗಾಜಿಗೆ ಬಡಿದು ಬರುವ ಚೆಂಡನ್ನೂ ಈ ಆಟದಲ್ಲಿ ಹೊಡೆಯಬಹುದು; ಅದನ್ನು ತಾಳ್ಮೆಯಿಂದ ಎತ್ತಿ ಎದುರಾಳಿಗಳ ತಲೆ ದಾಟಿಸುತ್ತಾರೆ. ಮುಂದೆ ಹೋಗಲು ಹೆದರುವ ನಿವೃತ್ತ ಪೋಸ್ಟ್‌ಮಾಸ್ಟರ್ ಜೊತೆಗಾದರೆ ತಾವೇ ಬಲೆಯತ್ತ ನುಗ್ಗುತ್ತಾರೆ.

"ಅವರಿಗೆ ಏನು ಬರಲ್ವೋ ಅದನ್ನ ನಾನು ಮಾಡ್ಬೇಕು. ಮೊದ್ಲ ಐದು ನಿಮಿಷದಲ್ಲೇ ಗೊತ್ತಾಗ್ಬಿಡುತ್ತೆ."

"ಊರೋರಿಗೆಲ್ಲ ಹೊಂದ್ಕೊಳ್ತಾಳೆ, ನನ್ನೊಬ್ಬಳ್ನ ಬಿಟ್ಟು!" ತಿಂಡಿ ಡಬ್ಬಿ ಹಿಡಿದು ಬಂದ ಅತ್ತೆಯವರ ದೂರಿದು. ಹೇಳಿ ತಾವೇ ನಗುತ್ತಾರೆ. ಸೊಸೆ ಡಬ್ಬಿ ಮುಟ್ಟಿಲ್ಲವೆಂಬ ಚಿಂತೆ ಅವರಿಗೆ.

ಹೋದ ಸಲ ಪರೀಕ್ಷಕರು, ನಿಮ್ಮ ಜಾಗ ಎಡವೋ ಬಲವೋ, ನೀವು ಹೊಡೆಯುವವರೋ ಕಾಯುವವರೋ ಎಂದು ಕೇಳಿದಾಗ ಅಕ್ಕ 'ಯಾವುದಾದ್ರೂ ಸರಿ ಸಾರ್' ಎಂದಿದ್ದರು. ಫಲಿತಾಂಶದ ಹಾಳೆಯಲ್ಲಿ ಬಂದದ್ದು: 'ಸ್ವಂತ ಆಟವಿಲ್ಲ.'

"ವರ್ಷವೆಲ್ಲ ಅದೇ ಕೊರೀತಿತ್ತು. ನಿಜಾನೇ ಇರ್ಬೋದಾ ಅಂತ." ಕೇಳಿ ನನಗೂ ಸಿಟ್ಟು ಬರುತ್ತದೆ.

ಒಂಬತ್ತಕ್ಕೆ ಅದೇ ಪರೀಕ್ಷಕರು, ಅದೇ ಪ್ರಶ್ನೆ. ಅಕ್ಕ ಬ್ಯಾಟನ್ನು ಆ ಕೈಯಿಂದ ಈ ಕೈಗೆ ಬದಲಿಸುತ್ತಾರೆ. ಆಮೇಲೆ ಒಂದೇ ಉಸಿರಿಗೆ, "ಜೊತೆಗಾರರು ಯಾರು ಅಂತ ಮೊದ್ಲು ಹೇಳಿ ಸಾರ್, ಆಮೇಲೆ ಹೇಳ್ತೀನಿ."

ಪರೀಕ್ಷಕರು ಹುಬ್ಬೇರಿಸುತ್ತಾರೆ. ಹಾಳೆ ಬದಿಗಿಟ್ಟು, ತಾವೇ ಬ್ಯಾಟು ಹಿಡಿದು ಅಕ್ಕನ ಪಕ್ಕ ಬಂದು ನಿಲ್ಲುತ್ತಾರೆ. ಎದುರಿಗೆ ಇಬ್ಬರು ತರಬೇತುದಾರರು. ಅರ್ಧ ಗಂಟೆ ಬಿರುಸಿನ ಆಟ. ಪರೀಕ್ಷಕರು ಬಲೆಯ ಬಳಿಯ ಎಡಮೂಲೆ ಬಿಟ್ಟು ಕದಲುವುದಿಲ್ಲ. ಅವರ ತಲೆ ದಾಟಿದ ಚೆಂಡಿಗೆಲ್ಲ ಓಡುವುದು ಅಕ್ಕ. ಕೊನೆಗೆ ಈ ಜೋಡಿಯೇ ಗೆಲ್ಲುತ್ತದೆ.

ಪರೀಕ್ಷಕರು ಹಾಳೆಯಲ್ಲಿ ಏನೋ ಗೀಚಿ, ಫಲಿತಾಂಶಕ್ಕೆ ವಾರ ಬೇಕು ಎಂದು ಹೊರಡುತ್ತಾರೆ. ಏದುಸಿರಿನಲ್ಲೇ ಬ್ರಷ್ ಎತ್ತಿಕೊಂಡ ಅಕ್ಕ ಗುಡಿಸದೆ ನಿಲ್ಲುತ್ತಾರೆ. ಮೂರು ಸಲ ಸಮ ಮಾಡಿದ್ದ ಮರಳು. ಬಲೆಯ ಎಡಮೂಲೆಯಲ್ಲಿ ಒಂದು ಹಿಡಿಯಷ್ಟು ಜಾಗದಲ್ಲಿ ದೊಡ್ಡ ಬೂಟುಗಳ ಗುರುತು. ಅಲ್ಲಿಂದ ಹಿಂದಿನ ಗಾಜಿನವರೆಗೆ, ಈ ಬದಿಯಿಂದ ಆ ಬದಿಗೆ, ಸಣ್ಣ ಹೆಜ್ಜೆಗಳು.

ಅಕ್ಕ ಬ್ರಷ್‌ನ ತುದಿಯನ್ನು ಆ ಮೂಲೆಗೆ ಚಾಚುತ್ತಾರೆ. "ನೋಡಿ, ಇಷ್ಟು ಆ ಸಾರ್‌ದು ಆಟ. ಮಿಕ್ಕಿದ್ದೆಲ್ಲ ನಂದು."